ಮೂರು ಸಲ ಕೂಗಿ ನೋಡಿದ ಹೆಸರು

ಪಿರಿಯಾಪಟ್ಟಣದ ಫ್ಲೆಕ್ಸ್ ಅಂಗಡಿಯವನಿಗೆ ಸಿಸ್ಟರಮ್ಮನ ಫೋಟೋ ಕೊಟ್ಟು, ಶ್ರದ್ಧಾಂಜಲಿ ಬ್ಯಾನರ್ ನಾಳೆ ಬೆಳಿಗ್ಗೆಗೆ ಬೇಕು ಅಂದೆ. ಅವನು ಕಂಪ್ಯೂಟರಿನಲ್ಲಿ ಎರಡು ದೀಪ, ನಾಲ್ಕು ಹೂವು, ಒಂದು ಮೋಡ ಎಲ್ಲವನ್ನೂ ಚಕಚಕನೆ ಜೋಡಿಸಿ ಕೊನೆಗೆ ಕೈ ನಿಲ್ಲಿಸಿದ.

"ಎಸ್ರು ಯೋಳಿ ಅಕ್ಕ."

"ಸಿಸ್ಟರಮ್ಮ."

"ಅದು ಕೆಲ್ಸ ಅಲ್ವಾ ಅಕ್ಕ? ಎಸ್ರು ಯೋಳಿ."

ಮೈಸೂರಿನಲ್ಲಿರುವ ಅವರ ತಮ್ಮನ ಮಗ ವಾಟ್ಸಾಪಿನಲ್ಲಿ ಒಂದು ಹೆಸರು ಕಳಿಸಿದ್ದ. ಹೆತ್ತವರು ಇಟ್ಟದ್ದು, ಆಧಾರ್ ಕಾರ್ಡಿನಲ್ಲಿ ಇರುವುದು. ಅದನ್ನು ಹಾಕಿದರೆ ನಮ್ಮೂರಿನಲ್ಲಿ ಸತ್ತವರು ಯಾರು ಅಂತ ಒಂದು ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಹಾಕದಿದ್ದರೆ ಅವನಿಗೆ ಬೇಜಾರು. "ಐದು ನಿಮಿಷ ಇರಪ್ಪ, ಟೀ ಕುಡಿದು ಬಂದು ಹೇಳ್ತೀನಿ" ಅಂತ ಎದುರಿನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತೆ. ಹೆಸರಿನ ವಿಷಯದಲ್ಲಿ ಆತುರ ಪಡಬಾರದು ಅಂತ ನನಗೆ ಕಲಿಸಿದವರೇ ಸಿಸ್ಟರಮ್ಮ. ಕಲಿಸಿದ್ದು ನನ್ನನ್ನೇ ಬಲಿ ಕೊಟ್ಟು.

ಬೆಟ್ಟದಪುರದ ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿದೆ ನಮ್ಮೂರು. ಅಲ್ಲಿನ ಆರೋಗ್ಯ ಉಪಕೇಂದ್ರಕ್ಕೆ ನರ್ಸಾಗಿ ಬಂದವರು ಅವರು. ಹುಟ್ಟಿದ್ದು ಕೆ.ಆರ್. ನಗರದ ಕಡೆ, ನಾಲೆ ಬಯಲಿನಲ್ಲಿ. ಐದಡಿಗೆ ಒಂದು ಗೇಣು ಕಡಿಮೆ. ಬಿಳಿ ಸೀರೆ, ಗಂಡಸರ ಕೊಡೆ, ಹೆಗಲಿಗೆ ಲಸಿಕೆಯ ಐಸ್ ಡಬ್ಬ. ಆಳು ಗಿಡ್ಡವಾದರೂ ಗಂಟಲು ಮಾತ್ರ ಎರಡು ಊರಿಗೆ ಸಾಕಾಗುವಷ್ಟು ಇತ್ತು. ಚಿಕ್ಕಂದಿನಲ್ಲಿ ಗದ್ದೆಯ ಆಚೆ ಬದಿಯಲ್ಲಿ ಕೆಲಸ ಮಾಡುತ್ತಿದ್ದ ಅಪ್ಪನನ್ನು ಮನೆ ಜಗಲಿಯಿಂದಲೇ ಊಟಕ್ಕೆ ಕರೆದು ಕರೆದು ಬಂದ ಗಂಟಲಂತೆ. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ದಿನಾ ಎರ್ಗೆ ನೋಡೋಳ್ಗೆ ಮದ್ವೆ ಮ್ಯಾಲೆ ಆಸೆ ಎಂಗವ್ವ ಬಂದಾತು?" ಅನ್ನುತ್ತಿದ್ದರು.

ಅವರಿಗೊಂದು ಪದ್ಧತಿ ಇತ್ತು. ಯಾವ ಸರ್ಕಾರಿ ಸುತ್ತೋಲೆಯಲ್ಲೂ ಇಲ್ಲದ್ದು. ಮಗುವಿನ ಹೆಸರನ್ನು ತಮ್ಮ ರಿಜಿಸ್ಟರಿನಲ್ಲಿ ಬರೆಯುವ ಮೊದಲು ಬಾಗಿಲಿಗೆ ಬಂದು, ಬೀದಿ ಕೊನೆಯ ಹುಣಸೆಮರದ ಕಡೆ ಮುಖ ಮಾಡಿ, ಆ ಹೆಸರನ್ನು ಮೂರು ಸಲ ಕೂಗಿ ನೋಡುತ್ತಿದ್ದರು. ಹುಣಸೆಮರದ ಹತ್ತಿರ ನಿಂತವರಿಗೆ ಹೆಸರು ಪೂರ್ತಿ ಕೇಳಿಸಿತೋ, ಪಾಸು. ಇಲ್ಲವೋ, ಒಳಗೆ ಹೋಗಿ ಕೂತು, ಪೆನ್ನನ್ನು ಅಂಗೈ ಮೇಲೆ ಎರಡು ಸಲ ಗೀಚಿ, ತುಂಬ ಬೇಸರದ ಮುಖ ಮಾಡಿ ಹೇಳುತ್ತಿದ್ದರು: "ಪೆನ್ನು ಬರೀತಾ ಇಲ್ಲ ಕಣವ್ವ. ನಾಳಿಕ್ ಬೇರೆ ಎಸ್ರು ತಕ್ಕೊಂಡ್ ಬಾ."

ಅದೇ ಪೆನ್ನು ಮುಂದಿನ ಮನೆಯಲ್ಲಿ ಸೊಗಸಾಗಿ ಬರೆಯುತ್ತಿತ್ತು. ಜನಕ್ಕೆ ಗೊತ್ತಿತ್ತು. ಆದರೂ ಸೂಜಿ ಚುಚ್ಚುವವರ ಜೊತೆ ಯಾರು ಜಗಳ ಕಾಯುತ್ತಾರೆ? ಅವರ ರಿಜಿಸ್ಟರಿನಲ್ಲಿದ್ದ ಹೆಸರು ಅಂಗನವಾಡಿಗೆ ಹೋಗುತ್ತಿತ್ತು, ಅಲ್ಲಿಂದ ಸ್ಕೂಲಿಗೆ, ಅಲ್ಲಿಂದ ಜೀವಮಾನಕ್ಕೆ.

ಈ ಹುಚ್ಚು ಎಲ್ಲಿಂದ ಅಂಟಿತು ಅಂತ ಒಮ್ಮೆ ಅವರೇ ಹೇಳಿದ್ದರು. ಮೊದಲು ಅವರಿಗೆ ಕೆಲಸ ಆಗಿದ್ದು ವೀರನಹೊಸಹಳ್ಳಿಯ ಕಡೆ, ಕಾಡಿನ ಅಂಚಿನಲ್ಲಿ. ಅಲ್ಲೊಬ್ಬರ ಹೆಸರು ಅನಂತಪದ್ಮನಾಭಸ್ವಾಮಿ. ಒಂದು ಬೆಳಿಗ್ಗೆ ರಾಗಿ ಹೊಲದಲ್ಲಿ ಅವರು ಬಗ್ಗಿ ಕೆಲಸ ಮಾಡುತ್ತಿದ್ದಾಗ ಹಿಂದಿನಿಂದ ಆನೆ ಬಂತು. ದಾರಿಯಲ್ಲಿದ್ದ ಸಿಸ್ಟರಮ್ಮ ಕೂಗಿಕೊಂಡರು. "ಅನಂತಪದ್ಮ ಅನ್ನೋ ಒತ್ಗೆ ಆನೆ ಬೇಲಿ ದಾಟ್ತು. ನಾಭ ಅನ್ನೋ ಒತ್ಗೆ ಅವ್ರ ಬೆನ್ ಇಂದೆ ಅದೆ. ಸ್ವಾಮಿ ಅನ್ನಕ್ ನಂಗೆ ಉಸ್ರೇ ಇಲ್ಲ. ಪುಣ್ಯಾತ್ಮ ತಾನಾಗೇ ತಿರುಗ್ ನೋಡಿ ಮರ ಅತ್ಕೊಂಡ. ಎಸ್ರು ಅಂದ್ರೆ ಬಾವಿ ಅಗ್ಗ ಇದ್ದಂಗೆ ಕಣವ್ವ. ಎಳುದ್ರೆ ಆಳು ಬರ್ಬೇಕು."

ಹಾಗಂತ ವಿಚಿತ್ರ ಹೆಸರುಗಳ ವೈರಿ ಅಂತ ತಿಳಿಯಬೇಡಿ. ವಿಚಿತ್ರವಾಗಿದ್ದರೆ ಅವರಿಗೇನೂ ತಕರಾರಿಲ್ಲ, ಕೂಗಲು ಬಂದರೆ ಆಯಿತು. ನಮ್ಮ ಮೇಲಿನ ಬೀದಿಯ ಗೌಡರೊಬ್ಬರು ಜಮೀನಿನ ಖಾತೆಗಾಗಿ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿ, ಆ ಸಿಟ್ಟಿಗೆ ಹುಟ್ಟಿದ ಮಗನಿಗೆ ತಹಸೀಲ್ದಾರ್ ಅಂತ ಹೆಸರಿಟ್ಟರು. "ಅಲ್ಲಿ ನಾನು ಕೈ ಕಟ್ಕೊಂಡ್ ನಿಂತ್ಕೊಂಡಿವ್ನಿ. ಮನೇಲಾದ್ರೂ ತಹಸೀಲ್ದಾರ್ನ ಕಿವಿ ಇಂಡ್ತೀನಿ" ಅಂತ ಅವರ ವಾದ. ಸಿಸ್ಟರಮ್ಮ ಕೂಗಿ ನೋಡಿ, "ಕೊನೇಲೊಂದು ದೀರ್ಘ ಎಳುದ್ರೆ ಓಯ್ತದೆ" ಅಂತ ಪಾಸು ಮಾಡಿದರು.

ಆ ಹುಡುಗನಿಗೆ ನಾಲ್ಕು ವರ್ಷ ಇದ್ದಾಗ ಪೋಲಿಯೋ ಹನಿಗೆ ಹೆದರಿ ಎಲ್ಲೋ ಅವಿತುಕೊಂಡ. ಸಿಸ್ಟರಮ್ಮ ಅರಳಿಕಟ್ಟೆಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದರು: "ತಹಸೀಲ್ದಾರಾ! ಎಲ್ಲವಿತ್ಕೊಂಡಿದ್ದೀಯ? ಮರ್ಯಾದೆಯಾಗಿ ಬಾಯ್ ತಕ್ಕೊಂಡ್ ಈಚ್ಗೆ ಬಾ. ಇಲ್ದಿದ್ರೆ ಚಡ್ಡಿ ಬಿಚ್ಸಿ ಸೂಜಿ ಚುಚ್ತೀನಿ!" ಅದೇ ಹೊತ್ತಿಗೆ ಕೆರೆ ನೋಡಲು ಬಂದಿದ್ದ ನಿಜವಾದ ತಹಸೀಲ್ದಾರರ ಜೀಪು ಕಟ್ಟೆಯ ಪಕ್ಕದಲ್ಲಿ ನಿಂತಿತ್ತು. ಇಳಿಯಲು ಕೆಳಗಿಟ್ಟ ಒಂದು ಕಾಲನ್ನು ಸಾಹೇಬರು ಮೆಲ್ಲಗೆ ಮೇಲಕ್ಕೆ ತೆಗೆದುಕೊಂಡರಂತೆ. ಮುಂದಿನ ತಿಂಗಳೇ ಗೌಡರ ಖಾತೆ ಆಯಿತು. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ, ಗೌಡರು ಮಾತ್ರ ಇವತ್ತಿಗೂ ಇದೆ ಅಂತಲೇ ವಾದಿಸುತ್ತಾರೆ.

ಒಂದೇ ಒಂದು ಹೆಸರನ್ನು ಅವರು ಕೂಗಿ ನೋಡದೆಯೇ ಫೇಲು ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾಲ್ಕನೆಯದೂ ಹೆಣ್ಣಾಯಿತು ಅಂತ ಒಬ್ಬ ಬಂದು, "ಸಾಕಮ್ಮ ಅಂತ ಬರ್ಕೊಳಿ ಸಿಸ್ಟರಮ್ಮ" ಅಂದ. ಸಿಸ್ಟರಮ್ಮ ಕನ್ನಡಕ ತೆಗೆದರು. "ಯಾರ್ಗ್ಲಾ ಸಾಕಾಗಿರೋದು? ನಿಂಗೆ ಸಾಕಾಗಿದ್ರೆ ನೀ ಬಂದು ಆಪರೇಶನ್ ಮಾಡುಸ್ಕೊ. ಬುಧವಾರ ಕ್ಯಾಂಪ್ ಅದೆ, ನಿನ್ನೆಸ್ರು ಬರ್ಕೊತೀನಿ. ಕೂಸಿನ ಕುತ್ಗೆಗೆ ಯಾಕ್ಲಾ ಬೋರ್ಡ್ ತಗಲಾಕೀಯ?" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಬುದ್ಧಿ ಇದು ಅಂತ ಅವನ ಹೆಂಡತಿಯ ಎದುರಿಗೇ ಉಗಿದರು. ಅವನು ಬುಧವಾರ ಕಳೆಯುವವರೆಗೂ ಹುಣಸೂರಿನ ಭಾವನ ಮನೆಯಲ್ಲಿ ತಲೆಮರೆಸಿಕೊಂಡಿದ್ದ. ಮಗುವಿಗೆ ಕಬಿನಿ ಅಂತ ಹೆಸರಾಯಿತು. ಈಗ ಎಚ್.ಡಿ. ಕೋಟೆಯಲ್ಲಿ ಪೊಲೀಸು.

ಇನ್ನು ನನ್ನ ಕತೆ.

ನಾನು ಹುಟ್ಟಿದ ದಿನ ಅಪ್ಪ ಊರಲ್ಲಿರಲಿಲ್ಲ, ಹೊಗೆಸೊಪ್ಪಿನ ಹರಾಜಿಗೆ ಹೋಗಿದ್ದರು. ಆ ವರ್ಷ ಸೊಪ್ಪು ಒಣಗಿಸುವ ನಮ್ಮ ಬ್ಯಾರನ್ನಿನಲ್ಲಿ ಬೇಯಿಸಿದ್ದು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ, ಹರಾಜಿನಲ್ಲಿ ಎಲ್ಲರೂ ಅದನ್ನು ಮುಟ್ಟಿ ಮುಟ್ಟಿ ನೋಡಿದರಂತೆ. ಆ ಖುಷಿಯಲ್ಲಿ ಹೂವಿನ ಹಾರ ಹಾಕಿಕೊಂಡೇ ಬಸ್ಸಿಳಿದ ಅಪ್ಪನಿಗೆ ಹೆಣ್ಣುಮಗು ಆಯಿತು ಅಂತ ಗೊತ್ತಾಯಿತು. ನಮ್ಮ ಕಡೆ ಬೆಳೆಯುವ ಹೊಗೆಸೊಪ್ಪಿನ ಜಾತಿಯ ಹೆಸರೇ ನನಗೂ ಅಂತ ನಿಂತ ಕಾಲ ಮೇಲೆ ತೀರ್ಮಾನ ಆಯಿತು. ವರ್ಜೀನಿಯಾ.

ನಮ್ಮದು ಹಣೆಗೆ ವಿಭೂತಿ ಹಚ್ಚದೆ ನೀರು ಕುಡಿಯದ ಮನೆ. ಅಜ್ಜಿ ಮಲ್ಲಾಜಮ್ಮ ಅಂತ ಹೆಸರಿಡಲು ಹರಕೆ ಹೊತ್ತಿದ್ದಳು. ಎರಡು ದಿನ ಊಟ ಬಿಟ್ಟಳು. ಕೊನೆಗೆ, "ಆ ನರ್ಸಮ್ಮ ಎಂಗೂ ಬರಿಯಾಕಿಲ್ಲ ಬುಡು" ಅಂತ ಸಮಾಧಾನ ಮಾಡಿಕೊಂಡು ಕೂತಿದ್ದಳಂತೆ. ಸಿಸ್ಟರಮ್ಮ ಬಂದರು. ಬಾಗಿಲಿಗೆ ಹೋದರು. "ವರ್ಜೀನಿಯಾ…" ಅಂತ ಎಳೆದರು. ಹುಣಸೆಮರ ದಾಟಿ, ಕೆರೆ ಏರಿ ದಾಟಿ, ಆಚೆ ಹೊಲದಲ್ಲಿ ಸೊಪ್ಪು ಮುರಿಯುತ್ತಿದ್ದ ಹೆಂಗಸರು ಎದ್ದು ನಿಂತು, "ಏನಂತೆ?" ಅಂದರು. ಸಿಸ್ಟರಮ್ಮನ ಮುಖ ಅರಳಿತು. "ನನ್ ಸರ್ವೀಸಲ್ಲೇ ಇಂಥಾ ಎಸ್ರು ಸಿಕ್ಕಿರ್ನಿಲ್ಲ" ಅಂತ ಬರೆದೇಬಿಟ್ಟರು.

ಹೀಗೆ ಅವರು ಗಂಟಲಿನ ಸುಖಕ್ಕೆ ಬರೆದದ್ದನ್ನು ನಾನು ಹೊತ್ತು ತಿರುಗಿದೆ. ಭೂಗೋಳದ ಮೇಷ್ಟ್ರು ಅಮೆರಿಕಾದ ನಕ್ಷೆ ಬಿಡಿಸಿದ ದಿನ ಇಡೀ ಕ್ಲಾಸು ನನ್ನ ಕಡೆ ತಿರುಗಿತು. ತಂಬಾಕು ವಿರೋಧಿ ದಿನದ ಮೆರವಣಿಗೆಯಲ್ಲಿ ಹುಡುಗರು, "ವರ್ಜೀನಿಯಾ ಬಿಡಿ, ಆರೋಗ್ಯ ಉಳಿಸಿ" ಅಂತ ಘೋಷಣೆ ಕೂಗಿದರು. ಕೂಗಿದವರ ಸ್ಕೂಲು ಫೀಸು ಬರುತ್ತಿದ್ದದ್ದೂ ಅದೇ ಸೊಪ್ಪಿನಿಂದ. ಹುಣಸೂರಿನ ಬೇಕರಿಯ ಮಲಯಾಳಿ ಅಣ್ಣ ನನ್ನ ಹೆಸರು ಕೇಳಿ, ತನ್ನ ಕಡೆಯ ಕ್ರಿಶ್ಚಿಯನ್ ಹುಡುಗಿ ಅಂದುಕೊಂಡು ಕಣ್ಣರಳಿಸಿ ಮಲಯಾಳದಲ್ಲಿ ಏನೇನೋ ವಿಚಾರಿಸಿದ, ಒಂದು ಬನ್ನು ಜಾಸ್ತಿ ಕೊಟ್ಟ, ಆಮೇಲೆ ಹಣೆಯ ವಿಭೂತಿ ನೋಡಿ ತುಂಬ ಹೊತ್ತು ಯೋಚನೆಗೆ ಬಿದ್ದ. ಬನ್ನು ನಾನು ವಾಪಸು ಕೊಡಲಿಲ್ಲ.

ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಹೆಡ್‌ಮೇಷ್ಟ್ರು ಕರೆದು, "ಪರೀಕ್ಷೆಗೆ ಬರೆಸಿದ ಹೆಸರೇ ಮಾರ್ಕ್ಸ್ ಕಾರ್ಡಿಗೆ ಬರೋದು. ಬದಲಾಯಿಸೋದಿದ್ರೆ ಇದೇ ಕೊನೆ. ಸಿಸ್ಟರಮ್ಮನ ಹತ್ರ ಒಂದು ಚೀಟಿ ಬರೆಸ್ಕೊಂಡು ಬಾ, ಮಿಕ್ಕಿದ್ದು ನಾನು ನೋಡ್ಕೊತೀನಿ" ಅಂದರು. ನಾನು ಕಾವ್ಯ ಅನ್ನುವ ಹೆಸರನ್ನು ಆರಿಸಿದ್ದೆ. ನಮ್ಮ ಕ್ಲಾಸಿನಲ್ಲಿ ಆಗಲೇ ಮೂವರು ಕಾವ್ಯರಿದ್ದರು. ನನಗೆ ಬೇಕಾಗಿದ್ದೂ ಅದೇ, ಗುಂಪಿನಲ್ಲಿ ಗೋವಿಂದ ಅಂತ ಸೇರಿಕೊಂಡು ಕಳೆದುಹೋಗುವುದು.

ಉಪಕೇಂದ್ರಕ್ಕೆ ಹೋಗಿ ಕೇಳಿದಾಗ ಸಿಸ್ಟರಮ್ಮ ಬೈಯಲಿಲ್ಲ. "ಬರುದ್ಕೊಡ್ತೀನಿ. ಆದ್ರೆ ನಿಯಮ ನಿಯಮಾನೇ. ಉಣಸೆಮರದತ್ರ ಓಗಿ ಆ ಕಡೀಕ್ ತಿರುಗ್ ನಿಂತ್ಕೊ. ಒಸಾ ಎಸ್ರು ಮೂರ್ ಸಲ ಕೂಗ್ತೀನಿ. ತಿರುಗ್ ನೋಡುದ್ರೆ ನೀನು ಕಾವ್ಯ."

ಇಷ್ಟು ಸುಲಭವೇ ಅಂತ ಓಡಿದೆ. ಸ್ಕೂಲು ಬಿಟ್ಟ ಹೊತ್ತು. ಹುಣಸೆಮರದ ಹತ್ತಿರ ಸೊಪ್ಪಿನ ಟ್ರಾಕ್ಟರೊಂದು ಗುಂಡಿಗೆ ಇಳಿದು, ಅದನ್ನು ಎತ್ತಲು ಬಂದ ಹತ್ತು ಜನ ಹನ್ನೊಂದು ಸಲಹೆ ಕೊಡುತ್ತ ನಿಂತಿದ್ದರು. ನಾನೂ ನೋಡುತ್ತ ನಿಂತೆ. ಹಿಂದೆ ಎಲ್ಲೋ ಯಾರೋ ಯಾರನ್ನೋ ಕೂಗುತ್ತಿದ್ದರು. ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಕಾವ್ಯ ಬ್ರೇಕು ಹಾಕಿದಳು. ಅವಳ ಹಿಂದಿದ್ದ ಇನ್ನೊಬ್ಬ ಕಾವ್ಯ ಅವಳಿಗೆ ಗುದ್ದಿ ಇಬ್ಬರೂ ಚರಂಡಿಗೆ ಇಳಿದರು. ಮೂರನೆಯವಳು ಮನೆಯಿಂದ ತಟ್ಟೆ ಸಮೇತ ಓಡಿಬಂದು, "ಏನ್ ಸಿಸ್ಟರಮ್ಮ?" ಅಂದಳು. ಇಷ್ಟೊಂದು ಕೂಗಿದರೂ ಬಾರದ ಆ ಹುಡುಗಿ ಯಾರಪ್ಪ, ಎಷ್ಟು ಜಂಬ ಅಂತ ನಾನು ಮನಸ್ಸಿನಲ್ಲೇ ಬೈದುಕೊಂಡದ್ದು ಈಗಲೂ ನೆನಪಿದೆ. ಆಮೇಲೆ, "ವರ್ಜೀನಿಯಾ!" ಅಂತ ಕೇಳಿಸಿತು. "ಆ… ಬಂದೇ!" ಅಂತ ತಿರುಗಿ ಓಡಿದೆ.

ಅರ್ಧ ದಾರಿಗೆ ಬಂದ ಮೇಲೆ ಆದದ್ದೇನು ಅಂತ ಹೊಳೆಯಿತು. ಸಿಸ್ಟರಮ್ಮ ಪೆನ್ನನ್ನು ಅಂಗೈ ಮೇಲೆ ಗೀಚುತ್ತ ಬಾಗಿಲಲ್ಲೇ ನಿಂತಿದ್ದರು. "ಬರೀತಾ ಇಲ್ಲ ಕಣವ್ವ." ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ತೆ. ಅಳುವ ಹುಡುಗಿಯರಿಗೆಲ್ಲ ಅವರ ಹತ್ತಿರ ಇದ್ದದ್ದು ಒಂದೇ ಔಷಧಿ, ರಕ್ತ ಹೆಚ್ಚಾಗುವ ಕಬ್ಬಿಣದ ಮಾತ್ರೆ. ಹತ್ತು ಮಾತ್ರೆ ಕೈಗಿಟ್ಟು ಕಳಿಸಿದರು. ಒಂದು ವರ್ಷ ನಾನು ಅವರನ್ನು ಮಾತಾಡಿಸಲಿಲ್ಲ. ನಿಜ ಹೇಳಬೇಕೆಂದರೆ, ದ್ವೇಷಿಸಿದೆ.

ಆಮೇಲೆ ಓದು, ಕೆ.ಆರ್. ನಗರದಲ್ಲಿ ಸ್ಕೂಲ್ ಮೇಡಂ ಕೆಲಸ, ಮದುವೆ. ಹೆಣ್ಣು ನೋಡಲು ಬಂದ ಮಾವನವರು ನನ್ನ ಹೆಸರನ್ನು ಮೂರು ಸಲ ಕೇಳಿ, "ಈ ಸಲ ನಿಮ್ಮ ಕಡೆ ಸೊಪ್ಪಿನ ರೇಟ್ ಎಂಗದೆ?" ಅಂತ ಅಪ್ಪನನ್ನು ಕೇಳಿದರು. ಮಗಳು ಹುಟ್ಟಿದಾಗ ತುಂಗಾ ಅಂತ ಸಿಸ್ಟರಮ್ಮನ ಕೈಲೇ ಕೂಗಿಸಿ ಪಾಸು ಮಾಡಿಸಿಕೊಂಡೆ. ಅಷ್ಟು ಹೊತ್ತಿಗೆ ದ್ವೇಷ ಹೋಗಿತ್ತು, ಹೆಸರಿನ ಮೇಲಿನ ಮುನಿಸು ಹೋಗಿರಲಿಲ್ಲ. ಕಳೆದ ವರ್ಷ ತುಂಗಾ ಸ್ಕೂಲಿನಿಂದ ಮುಖ ಊದಿಸಿಕೊಂಡು ಬಂದು, "ಎಲ್ರೂ ನಗ್ತಾರೆ. ನೀನು ಬೇರೆ ಹೆಸ್ರು ಇಟ್ಕೊಳಮ್ಮ" ಅಂದಾಗ ಅದು ಮತ್ತೆ ಹೆಡೆ ಎತ್ತಿತು. ವಕೀಲರ ಹತ್ತಿರ ಹೋಗಿ ಹೆಸರು ಬದಲಾವಣೆಗೆ ಸ್ಟಾಂಪ್ ಪೇಪರ್ ಟೈಪು ಮಾಡಿಸಿದೆ. ಇನ್ನು ನನ್ನ ಸಹಿ ಒಂದೇ ಬಾಕಿ. ಸಹಿ ಹಾಕುವ ಮೊದಲು ಒಂದು ಸಲ ಸಿಸ್ಟರಮ್ಮನ ಮುಂದೆ ಆ ಕಾಗದ ಹಿಡಿದು ಗೆದ್ದೆ ಅನ್ನಬೇಕು ಅನ್ನಿಸಿತು. ಒಂದು ಭಾನುವಾರ ಊರಿಗೆ ಹೋದೆ.

ನಿವೃತ್ತಿಯಾದ ಮೇಲೂ ಅವರು ಊರು ಬಿಟ್ಟಿರಲಿಲ್ಲ. ಅದೇ ಬಾಡಿಗೆ ಮನೆ, ಕಿಟಕಿಯ ಪಕ್ಕ ಮಂಚ. ಮಂಚದ ಮೇಲೆ ಒಂದು ಹಿಡಿಯಷ್ಟು ಆಗಿದ್ದರು. ಕಾಗದ ತೋರಿಸಿದೆ. ಜಗಳಕ್ಕೆ ಬರುತ್ತಾರೆ ಅಂತ ಕಾದೆ.

"ಬದಲಾಯಿಸ್ಕೊ ಮಗಳೇ" ಅಂದರು. "ಈಗ ನನ್ನತ್ರ ರಿಜಿಸ್ಟರೂ ಇಲ್ಲ, ಗಂಟ್ಲೂ ಇಲ್ಲ."

ಗೆದ್ದದ್ದು ನನಗೆ ಒಂದು ಚೂರೂ ಖುಷಿ ಕೊಡಲಿಲ್ಲ. ಅವರ ಕಾಲು ಒತ್ತುತ್ತ ಕೂತೆ.

"ನನ್ನೆಸ್ರು ಗೊತ್ತೇನವ್ವ ನಿಂಗೆ?"

ನಾಚಿಕೆಯಾಯಿತು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಒಂದು ದಿನವೂ ಕೇಳಿರಲಿಲ್ಲ. ಅವರು ಹೇಳಿದರು. ಚೆಂದದ ಹೆಸರು.

"ಅಪ್ಪ ತೀರ್ಕೊಂಡ್ಮೇಲೆ ಅದ್ನ ಯಾರೂ ಕೂಗಿಲ್ಲ ಕಣವ್ವ. ಉಣಸೆಮರದತ್ರ ನಿಂತ್ಕೊಂಡು ನೀನೊಂದ್ಸಲ ಕೂಗು. ಒಂದಲ್ಲ, ಮೂರು. ನಿಯಮ ನಿಯಮಾನೇ."

ಹೋದೆ. ಕಿಟಕಿಯೊಳಗೆ ಅವರ ಬಿಳಿ ತಲೆ ಕಾಣುತ್ತಿತ್ತು, ಮುಖ ಗೋಡೆಯ ಕಡೆ. ಮೇಡಂ ಕೆಲಸದಲ್ಲಿ ಪಳಗಿದ ಗಂಟಲು ನನ್ನದು. ಜೋರಾಗಿಯೇ ಕೂಗಿದೆ. ತಲೆ ಅಲುಗಲಿಲ್ಲ. ಎರಡನೇ ಸಲ ಇನ್ನೂ ಜೋರಾಗಿ ಕೂಗಿದೆ. ಎದುರು ಮನೆಯ ಅತ್ತೆ ಈಚೆಗೆ ಬಂದು, "ಯಾರ್ನವ್ವ ಕೂಗ್ತಿದ್ದೀಯ, ನಮ್ಮೂರ್ನಲ್ಲಿ ಆ ಎಸ್ರಿನೋರು ಯಾರೂ ಇಲ್ವಲ್ಲ" ಅಂದರು. ಮೂರನೆಯ ಸಲ ಕೂಗಿದೆ. ತಲೆ ಹಾಗೆಯೇ ಇತ್ತು. ಹೋಗಿಬಿಟ್ಟರಾ? ಭಯದಲ್ಲಿ ಬಾಯಿಂದ ತಾನಾಗಿ ಬಂತು: "ಸಿಸ್ಟರಮ್ಮಾ!"

ತಲೆ ಗಕ್ಕನೆ ತಿರುಗಿತು. "ಓ! ಏನವ್ವ, ಇನ್ನೂ ಕೂಗ್ನಿಲ್ವಾ? ಎಷ್ಟೊತ್ತು ಕಾಯೋದು?"

ಹತ್ತಿರ ಹೋಗಿ, ಮೂರು ಸಲವೂ ಕೂಗಿ ಆಯಿತು ಅಂತ ಹೇಳಿದೆ. ಅವರಿಗೆ ನಗು ಶುರುವಾಯಿತು. ಕೆಮ್ಮು ಬರುವವರೆಗೂ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಾನೂ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಕೊನೆಗೆ ಅವರು ಬೆರಳನ್ನು ಅಂಗೈ ಮೇಲೆ ಎರಡು ಸಲ ಗೀಚಿ, "ಪೆನ್ನು ಬರೀತಾ ಇಲ್ಲ ಬುಡು" ಅಂದರು.

ಟೀ ಮುಗಿದಿತ್ತು. ಎದ್ದು ಫ್ಲೆಕ್ಸ್ ಅಂಗಡಿಗೆ ಹೋಗಿ, "ಸಿಸ್ಟರಮ್ಮ ಅಂತಲೇ ಹಾಕಪ್ಪ, ಕೆಲಸವೂ ಅದೇ, ಹೆಸರೂ ಅದೇ" ಅಂದೆ. ತಮ್ಮನ ಮಗನಿಗೆ ನಾನೇ ಫೋನು ಮಾಡಿ ಹೇಳಿಕೊಂಡರಾಯಿತು.

"ಕೆಳ್ಗೆ ದುಃಖತಪ್ತರು ಅಂತ ಯಾರ್ಯಾರ್ದು ಬರ್ಬೇಕು?"

ಬ್ಯಾಗಿನಿಂದ ಪಟ್ಟಿ ತೆಗೆದುಕೊಟ್ಟೆ. ಬೆಳಿಗ್ಗೆ ಅವಸರದಲ್ಲಿ ಕೈಗೆ ಸಿಕ್ಕಿದ ಕಾಗದದ ಹಿಂದೆ ಬರೆದದ್ದು. ಅವನು ತಿರುಗಿಸಿ ನೋಡಿದ.

"ಅಕ್ಕ, ಇದು ಸ್ಟಾಂಪ್ ಪೇಪರು. ಎಸ್ರು ಬದಲಾವಣೆ ಅಂತ ಅದೆ. ಬೇಡ್ವಾ?"

"ಬೇಡ. ಹಿಂದುಗಡೆ ನೋಡು."

ಅವನು ಓದತೊಡಗಿದ. ತಹಸೀಲ್ದಾರ್, ಕಬಿನಿ, ಮೂವರು ಕಾವ್ಯರು. ಆಮೇಲೆ ಮತ್ತೆ ಮೇಲಕ್ಕೆ ಹೋಗಿ, ಮೊದಲ ಸಾಲಿನಲ್ಲಿ ಇದ್ದದ್ದರ ಮೇಲೆ ಬೆರಳು ನಿಲ್ಲಿಸಿದ. "ಈ ವರ್ಜೀನಿಯಾ ಅನ್ನೋದು ಸ್ಪಾನ್ಸರ್ ಕಂಪ್ನಿ ಏನಕ್ಕ? ಲೋಗೋ ಇದ್ರೆ ಕಳ್ಸಿ, ದೊಡ್ದಾಗ್ ಹಾಕ್ತೀನಿ."

"ಲೋಗೋ ಇಲ್ಲಪ್ಪ. ವರ್ಜೀನಿಯಾ ಅಂದರೆ ನಾನೇ."

ಎಷ್ಟು ಜೋರಾಗಿ ಅಂದೆನೋ ಏನೋ, ಎದುರಿನ ಟೀ ಅಂಗಡಿಯವರೆಲ್ಲ ತಿರುಗಿ ನೋಡಿದರು.